ಜಾಡಿಯಿಂದ ಕೆರೆ ಏರಿಗೆ: ಕಾಲೇಜಿನ ಪ್ರಾಣಿ ಸಂಗ್ರಹಾಲಯವನ್ನು ನಿಸರ್ಗ ರಕ್ಷಣೆಯ ಕೆಲಸಕ್ಕೆ ಹಚ್ಚುವವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ರಾಜ್ಯದ ಹಳೆಯ ಪದವಿ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಸಾಮಾನ್ಯವಾಗಿ ಒಂದು ಕೋಣೆ ಇರುತ್ತದೆ. ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ಬೀರುಗಳು, ಅವುಗಳೊಳಗೆ ಸತ್ತ ಜೀವಿಗಳು ಕೊಳೆಯದಂತೆ ಕಾಪಾಡುವ ಫಾರ್ಮಾಲಿನ್ ದ್ರವ ತುಂಬಿದ ಜಾಡಿಗಳು, ಜಾಡಿಗಳಲ್ಲಿ ಬಣ್ಣ ಕಳೆದುಕೊಂಡ ಹಾವು, ಚೇಳು, ನಕ್ಷತ್ರಮೀನು, ಬೀರುವಿನ ತಲೆಯ ಮೇಲೆ ಒಂದು ಕಣ್ಣು ಬಿದ್ದುಹೋದ ಗೂಬೆ. ವರ್ಷಕ್ಕೊಮ್ಮೆ ಪ್ರಾಯೋಗಿಕ ಪರೀಕ್ಷೆಯ ದಿನ ಈ ಜಾಡಿಗಳು ಮೇಜಿನ ಮೇಲೆ ಸಾಲಾಗಿ ಕುಳಿತು ‘ಸ್ಪಾಟರ್’ಗಳಾಗುತ್ತವೆ, ವಿದ್ಯಾರ್ಥಿ ಹೆಸರು, ವರ್ಗ, ಎರಡು ಲಕ್ಷಣ ಬರೆದು ಮುಂದಿನ ಜಾಡಿಗೆ ಸರಿಯುತ್ತಾನೆ. ಉಳಿದ ದಿನಗಳಲ್ಲಿ ಕೋಣೆಗೆ ಬೀಗ. ನಾನು ಪಾಠ ಮಾಡಿದ ಕಾಲೇಜಿನಲ್ಲೂ ಹೀಗೆಯೇ ಇತ್ತು, ಮತ್ತು ಎಷ್ಟೋ ವರ್ಷ ಅದರಲ್ಲಿ ತಪ್ಪೇನಿದೆ ಎಂದು ನನಗೂ ಅನ್ನಿಸಿರಲಿಲ್ಲ.

ಇಂಥ ಕೋಣೆಯೊಂದು ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ಹಳೆಯ ಉದಾಹರಣೆ ಇದೆ. 1908ರ ಸುಮಾರಿಗೆ ಮುಂಬೈಯ ಒಬ್ಬ ಹುಡುಗ ಆಟದ ಗಾಳಿ ಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದ. ಅದರ ಗಂಟಲಿನಲ್ಲಿ ಹಳದಿ ಮಚ್ಚೆ ಇತ್ತು. ಇದು ಯಾವ ಗುಬ್ಬಿ ಎಂದು ತಿಳಿಯಲು ಅವನ ಸೋದರಮಾವ ಅವನನ್ನು 1883ರಲ್ಲಿ ಸ್ಥಾಪನೆಯಾಗಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲರ್ಡ್ ಹುಡುಗನನ್ನು ಗದರಿಸಲಿಲ್ಲ. ಹಕ್ಕಿಯನ್ನು ಗುರುತಿಸಿಕೊಟ್ಟು, ಸೊಸೈಟಿಯ ಸಂಗ್ರಹದಲ್ಲಿದ್ದ ಹಕ್ಕಿಗಳನ್ನೆಲ್ಲ ತೋರಿಸಿ, ಓದಲು ಪುಸ್ತಕಗಳನ್ನೂ ಕೊಟ್ಟರು. ಆ ಹುಡುಗನೇ ಮುಂದೆ ಹೆಸರಾಂತ ಪಕ್ಷಿತಜ್ಞರಾದ ಸಲೀಂ ಅಲಿ. 1939-40ರಲ್ಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಕಾವೇರಿ ನದಿಯ ರಂಗನತಿಟ್ಟನ್ನು ಪಕ್ಷಿಧಾಮವಾಗಿ ಉಳಿಸಬೇಕೆಂದು ಅವರು ಒತ್ತಾಯಿಸಿದ್ದರಿಂದ 1940ರಲ್ಲಿ ಅದು ಘೋಷಣೆಯಾಯಿತು. ಸಂಗ್ರಹಾಲಯದ ಬೀರುವಿಗೂ ಹೊಳೆಯ ನಡುಗಡ್ಡೆಗೂ ನಡುವೆ ಮೂರು ದಶಕಗಳ ದಾರಿ ಇತ್ತು, ಆದರೆ ದಾರಿ ಶುರುವಾದದ್ದು ಯಾರೋ ಒಬ್ಬರು ಬೀರುವಿನ ಬಾಗಿಲು ತೆಗೆದು ತೋರಿಸಿದ್ದರಿಂದ.

ಈ ಬರಹ ಕಾಲೇಜು, ಪ್ರೌಢಶಾಲೆ ಅಥವಾ ಸಣ್ಣ ಪಟ್ಟಣದ ಸಂಗ್ರಹಾಲಯವನ್ನು ನೋಡಿಕೊಳ್ಳುವವರಿಗಾಗಿ. ದೊಡ್ಡ ಕಟ್ಟಡ, ದೊಡ್ಡ ಅನುದಾನ ಬೇಕಿಲ್ಲ. ಬೇಕಾದದ್ದು ಒಂದು ಶೈಕ್ಷಣಿಕ ವರ್ಷದ ಬಿಡುವಿನ ಅವಧಿಗಳು, ನಾಲ್ಕೈದು ಆಸಕ್ತ ವಿದ್ಯಾರ್ಥಿಗಳು, ಕೀಲಿಕೈ ಇಟ್ಟುಕೊಂಡಿರುವ ಅಟೆಂಡರ್ ಅವರ ಸಹಕಾರ ಮತ್ತು ಪ್ರಾಂಶುಪಾಲರ ಲಿಖಿತ ಒಪ್ಪಿಗೆ.

ಮೊದಲ ಹೆಜ್ಜೆ: ಇರುವುದನ್ನು ಲೆಕ್ಕಕ್ಕೆ ತನ್ನಿ

ಹೊಸ ಫಲಕ, ಹೊಸ ದೀಪ, ಟಿವಿ ಪರದೆ ಇವುಗಳ ಯೋಚನೆ ಸದ್ಯಕ್ಕೆ ಬೇಡ. ಒಂದು ದಪ್ಪ ರಿಜಿಸ್ಟರ್ ತೆಗೆದುಕೊಂಡು ಪ್ರತಿ ವಸ್ತುವಿಗೂ ಒಂದು ಕ್ರಮಸಂಖ್ಯೆ ಕೊಡಿ. ಹೆಸರು, ಎಲ್ಲಿ ಸಿಕ್ಕಿತು, ಯಾವ ದಿನ, ಯಾರು ತಂದರು, ಈಗಿನ ಸ್ಥಿತಿ ಹೇಗಿದೆ ಎಂಬ ಐದು ಅಂಕಣಗಳು ಸಾಕು. ಹೆಚ್ಚಿನ ಜಾಡಿಗಳ ಮೇಲೆ ‘ಕಪ್ಪೆ’ ಎಂದಷ್ಟೇ ಇರುತ್ತದೆ. ಊರು, ತಾರೀಖು ಇರುವುದಿಲ್ಲ. ಹಳೆಯ ಸ್ಟಾಕ್ ಪುಸ್ತಕ, ಖರೀದಿ ಬಿಲ್ಲು, ನಿವೃತ್ತ ಅಧ್ಯಾಪಕರ ನೆನಪು, ಇವೆಲ್ಲವನ್ನೂ ಜಾಲಾಡಿ. ನಮ್ಮಲ್ಲಿ ನಿವೃತ್ತರಾಗಿ ಹಲವು ವರ್ಷವಾಗಿದ್ದ ಮೇಷ್ಟ್ರೊಬ್ಬರನ್ನು ಕರೆಸಿ ಕುರ್ಚಿ ಹಾಕಿ ಕೂರಿಸಿ, ಒಂದೊಂದೇ ಜಾಡಿಯನ್ನು ಅವರ ಮುಂದೆ ಇಟ್ಟೆವು. ಒಂದು ಮಧ್ಯಾಹ್ನದಲ್ಲಿ ಹದಿನಾರು ಜಾಡಿಗಳಿಗೆ ಊರು ಸಿಕ್ಕಿತು.

ಊರು ಮತ್ತು ತಾರೀಖಿಗೆ ಇಷ್ಟು ಮಹತ್ವ ಏಕೆ ಎನ್ನುವವರಿಗೆ ಎರಡು ಸಂಗತಿಗಳನ್ನು ಹೇಳಬಹುದು. 1967ರಲ್ಲಿ ಬ್ರಿಟನ್ನಿನ ಡೆರೆಕ್ ರ‍್ಯಾಟ್‌ಕ್ಲಿಫ್ ಅವರು ಸಂಗ್ರಹಗಳಲ್ಲಿದ್ದ ಪೆರೆಗ್ರಿನ್ ಡೇಗೆ ಮತ್ತು ಸ್ಪ್ಯಾರೊಹಾಕ್ ಎಂಬ ಬೇಟೆಹಕ್ಕಿಗಳ ಮೊಟ್ಟೆಗಳನ್ನು ಅಳೆದು, ತೂಗಿ, ಎರಡನೇ ಮಹಾಯುದ್ಧದ ನಂತರದ ಮೊಟ್ಟೆಗಳ ಕವಚ ತೆಳುವಾಗಿದೆ ಎಂದು ತೋರಿಸಿದರು. ಆ ಯುದ್ಧದ ನಂತರ ಬಳಕೆಗೆ ಬಂದ ಡಿಡಿಟಿಯಂಥ ಕೀಟನಾಶಕಗಳ ವಿರುದ್ಧದ ಪುರಾವೆಯಲ್ಲಿ ಇದು ಬಹಳ ಮುಖ್ಯವಾಯಿತು. ಆ ಮೊಟ್ಟೆಗಳನ್ನು ಶೇಖರಿಸಿದ ಹವ್ಯಾಸಿಗಳಿಗೆ ಡಿಡಿಟಿಯ ಗೊಡವೆಯೇ ಇರಲಿಲ್ಲ. ಅವರು ತಾರೀಖು ಬರೆದಿಟ್ಟಿದ್ದರು, ಅಷ್ಟೇ. ಎರಡನೆಯದು ಅಮೆರಿಕದ ಬರ್ಕ್ಲಿಯಲ್ಲಿ 1908ರಲ್ಲಿ ಶುರುವಾದ ಕಶೇರುಕ (ಬೆನ್ನೆಲುಬಿರುವ ಪ್ರಾಣಿಗಳ) ಸಂಗ್ರಹಾಲಯದ್ದು. ಅದರ ಮೊದಲ ನಿರ್ದೇಶಕ ಜೋಸೆಫ್ ಗ್ರಿನೆಲ್ ಪ್ರತಿ ಪ್ರಾಣಿಯ ಜೊತೆಗೂ ಸ್ಥಳ, ಎತ್ತರ, ದಿನದ ಟಿಪ್ಪಣಿ ಇರಲೇಬೇಕೆಂದು ಹಟ ಹಿಡಿದಿದ್ದರು. ಸುಮಾರು ನೂರು ವರ್ಷಗಳ ಬಳಿಕ ಅದೇ ಜಾಗಗಳಿಗೆ ಮರಳಿ ಹೋದವರು ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ 28 ಸಣ್ಣ ಸಸ್ತನಿ ಪ್ರಭೇದಗಳನ್ನು ನೋಡಿದಾಗ, ಅರ್ಧದಷ್ಟು ಪ್ರಭೇದಗಳ ನೆಲೆಯ ಮೇರೆ ಸರಾಸರಿ 500 ಮೀಟರಿನಷ್ಟು ಮೇಲಕ್ಕೆ ಸರಿದಿರುವುದು ತಿಳಿಯಿತು. ಬೆಟ್ಟ ಬೆಚ್ಚಗಾಗುತ್ತಿರುವುದನ್ನು ಹಳೆಯ ಟಿಪ್ಪಣಿ ಪುಸ್ತಕ ಹೇಳಿಕೊಟ್ಟಿತು.

ಲೆಕ್ಕ ಹಾಕುವಾಗಲೇ ಪ್ರತಿ ವಸ್ತುವಿನ ಫೋಟೊ ತೆಗೆದು, ಅದರ ಪ್ರತಿಯನ್ನು ಕಾಲೇಜಿನ ಹೊರಗೆ ಬೇರೆಡೆಯಲ್ಲಿ ಇಡಿ. ದೆಹಲಿಯಲ್ಲಿ 1978ರಲ್ಲಿ ತೆರೆದಿದ್ದ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ 2016ರ ಏಪ್ರಿಲ್ 26ರಂದು ಒಂದೇ ರಾತ್ರಿಯ ಬೆಂಕಿಗೆ ಹೋಯಿತು. ಸ್ಪಿರಿಟ್ ಜಾಡಿಗಳಿರುವ ಕೋಣೆಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಎರಡನೆಯ ಹೆಜ್ಜೆ: ಕಾನೂನು ಮತ್ತು ಕೈಕಾಲಿನ ಸುರಕ್ಷತೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಸೂಚಿಯಲ್ಲಿ, ಅಂದರೆ ಸಂರಕ್ಷಿತ ಜೀವಿಗಳ ಪಟ್ಟಿಯಲ್ಲಿ ಇರುವ ಪ್ರಾಣಿಗಳ ಚರ್ಮ, ಕೊಂಬು, ತುಂಬಿಸಿದ ದೇಹ ಇವೆಲ್ಲಕ್ಕೂ ದಾಖಲೆ ಇರಬೇಕು. ನಿಮ್ಮ ಕೋಣೆಯಲ್ಲಿ ಚಿರತೆಯ ತಲೆಯೋ ಜಿಂಕೆಯ ಕೊಂಬೋ ಇದ್ದು ಕಾಗದಪತ್ರ ಇಲ್ಲದಿದ್ದರೆ, ಅದನ್ನು ಬಚ್ಚಿಡದೆ ವಲಯ ಅರಣ್ಯಾಧಿಕಾರಿಯವರ ಮೂಲಕ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಪತ್ರ ಬರೆಯುವುದೇ ಸರಿಯಾದ ದಾರಿ. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ವನ್ಯಪ್ರಾಣಿಯೂ ಸರ್ಕಾರದ ಸ್ವತ್ತು. ವಿದ್ಯಾರ್ಥಿಯೊಬ್ಬ ಉತ್ಸಾಹದಿಂದ ಬ್ಯಾಗಿನಲ್ಲಿ ಹಾಕಿಕೊಂಡು ತಂದರೆ ಅವನೇ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾನೆ. ಕೆಲವು ಸಮುದ್ರದ ಶಂಖ, ಚಿಪ್ಪುಗಳೂ ಅನುಸೂಚಿಯಲ್ಲಿವೆ ಎಂಬುದನ್ನು ಕರಾವಳಿಯವರು ನೆನಪಿಡಬೇಕು. ಹೊಸದಾಗಿ ಜೀವಿಗಳನ್ನು ಹಿಡಿದು ಸಂಗ್ರಹ ಬೆಳೆಸುವ ಆಸೆಯನ್ನು ಬಿಟ್ಟುಬಿಡಿ. ಪದವಿ ತರಗತಿಗಳಲ್ಲಿ ಪ್ರಾಣಿ ಛೇದನ ನಿಲ್ಲಿಸಬೇಕೆಂದು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2014ರಲ್ಲಿ ಮಾರ್ಗಸೂಚಿ ಹೊರಡಿಸಿದ ಮೇಲೆ, ಹೊಸ ಸ್ಪೆಸಿಮನ್ ಬರುವ ದಾರಿಯೂ ಕಿರಿದಾಗಿದೆ. ಇರುವ ಹಳೆಯವು ಹಾಗಾಗಿಯೇ ಬೆಲೆಬಾಳುತ್ತವೆ.

ಹಳೆಯ ಕಾಲದಲ್ಲಿ ತುಂಬಿಸಿದ ಹಕ್ಕಿ, ಪ್ರಾಣಿಗಳ ಚರ್ಮಕ್ಕೆ ಹುಳು ಹಿಡಿಯದಂತೆ ಆರ್ಸೆನಿಕ್ ಹಚ್ಚುವ ರೂಢಿ ಇತ್ತು. ಆದ್ದರಿಂದ ಕೈಗವಸು, ಮುಖಗವಸು ಇಲ್ಲದೆ ಅವುಗಳನ್ನು ಮುಟ್ಟಬಾರದು. ಮಕ್ಕಳ ಕೈಗಂತೂ ಕೊಡಲೇಬಾರದು. ಫಾರ್ಮಾಲಿನ್ ಕ್ಯಾನ್ಸರ್‌ಕಾರಕ. ಜಾಡಿಯ ಮುಚ್ಚಳ ತೆಗೆಯುವ ಕೆಲಸವನ್ನು ಕಿಟಕಿಗಳೆಲ್ಲ ತೆರೆದಿರುವಾಗ, ಅನುಭವಿ ಅಧ್ಯಾಪಕರೇ ಮಾಡಬೇಕು. ಸ್ಪೆಸಿಮನ್‌ಗಳನ್ನು ನೀರಿನಲ್ಲಿ ಚೆನ್ನಾಗಿ ತೊಳೆದು ಶೇಕಡಾ 70ರ ಆಲ್ಕೋಹಾಲಿಗೆ ವರ್ಗಾಯಿಸುವುದು ಒಳ್ಳೆಯದು, ಆದರೆ ಅದಕ್ಕೆ ಬೇಕಾದ ಸ್ಪಿರಿಟ್ಟಿನ ಪರವಾನಗಿಯ ಬಗ್ಗೆ ಮೊದಲೇ ವಿಚಾರಿಸಿಕೊಳ್ಳಿ. ಜಾಡಿಯೊಳಗೆ ಹಾಕುವ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ. ನಾವು ಬಾಲ್‌ಪೆನ್ನಿನಲ್ಲಿ ಮುದ್ದಾಗಿ ಬರೆದು ಹಾಕಿದ ನಲವತ್ತು ಚೀಟಿಗಳ ಶಾಯಿ ಸ್ಪಿರಿಟ್ಟಿನಲ್ಲಿ ಕರಗಿ, ಎರಡು ವಾರದಲ್ಲಿ ಜಾಡಿಯೆಲ್ಲ ತಿಳಿನೀಲಿ, ಚೀಟಿಯೆಲ್ಲ ಬೆಳ್ಳಗೆ ಆಗಿತ್ತು.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ದೊಡ್ಡ ಶತ್ರು, ಬಯಲುಸೀಮೆಯಲ್ಲಿ ಚರ್ಮ ತಿನ್ನುವ ಹುಳು. ನುಸಿಗುಳಿಗೆ ಸುರಿಯುವುದಕ್ಕಿಂತ, ಹುಳು ಬಿದ್ದ ಹಕ್ಕಿಯನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡುವುದು ಮೇಲು. ಹೊರತೆಗೆದ ಮೇಲೆ ಪೂರ್ತಿ ಕೋಣೆಯ ಉಷ್ಣತೆಗೆ ಬರುವವರೆಗೂ ಪ್ಲಾಸ್ಟಿಕ್ ಬಿಚ್ಚಬೇಡಿ, ಇಲ್ಲವಾದರೆ ಗರಿಗಳ ಮೇಲೆ ನೀರು ಕೂರುತ್ತದೆ.

ಮೂರನೆಯ ಹೆಜ್ಜೆ: ಒಂದು ನೆಲೆಯನ್ನು ಆರಿಸಿಕೊಳ್ಳಿ

ಸಣ್ಣ ಸಂಗ್ರಹಾಲಯಗಳು ಎಡವುವುದು ಇಲ್ಲೇ. ಹಿಮಕರಡಿ, ಅಮೆಜಾನ್, ಓಜೋನ್ ಪದರ, ಹವಳದ ದಿಬ್ಬ ಎಲ್ಲವನ್ನೂ ನಾಲ್ಕು ಗೋಡೆಗಳೊಳಗೆ ತುಂಬುವ ಆಸೆಯಲ್ಲಿ, ಊರಿನ ಕೆರೆ ಹೊರಗೇ ಉಳಿಯುತ್ತದೆ. ನಿಮ್ಮ ಕಾಲೇಜಿನಿಂದ ನಡೆದು ತಲುಪಬಹುದಾದ ಒಂದು ನೆಲೆಯನ್ನು ಆರಿಸಿಕೊಳ್ಳಿ: ಒಂದು ಕೆರೆ, ಒಂದು ಗೋಮಾಳ, ಒಂದು ದೇವರಕಾಡು, ಒಂದು ಹೊಳೆಯ ತಿರುವು. ಸಂಗ್ರಹದಲ್ಲಿರುವ ವಸ್ತುಗಳಲ್ಲಿ ಆ ನೆಲೆಗೆ ಸೇರಿದವನ್ನು ಕೋಣೆಯ ಮುಂಭಾಗಕ್ಕೆ ತನ್ನಿ, ಉಳಿದವನ್ನು ಹಿಂದಿನ ಬೀರುಗಳಿಗೆ ಸರಿಸಿ. ಸಮುದ್ರವಿಲ್ಲದ ತಾಲ್ಲೂಕಿನಲ್ಲಿ ನಕ್ಷತ್ರಮೀನು ಬಾಗಿಲ ಎದುರಿಗೆ ಇರಬೇಕಾಗಿಲ್ಲ. ಪರೀಕ್ಷೆಯ ದಿನ ಅದನ್ನು ಹೇಗೂ ತೆಗೆಯುತ್ತೀರಿ.

ಮೈಸೂರಿನಲ್ಲಿ 1995ರಲ್ಲಿ ತೆರೆದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯಕ್ಕೆ ಈ ವಿಷಯದಲ್ಲಿ ಹುಟ್ಟಿನಿಂದಲೇ ಅದೃಷ್ಟವಿದೆ, ಏಕೆಂದರೆ ಅದು ಕಾರಂಜಿ ಕೆರೆಯ ದಂಡೆಯಲ್ಲೇ ಇದೆ. ಒಳಗೆ ಮಾದರಿಗಳನ್ನು ನೋಡಿ ಹೊರಬಂದವರಿಗೆ ಜೀವಂತ ಹಕ್ಕಿಗಳು ದೂರವಿಲ್ಲ. ನಿಮ್ಮ ಕೋಣೆಗೆ ಕೆರೆ ಕಾಣುವ ಕಿಟಕಿ ಇರಲಾರದು, ಆದರೆ ಗೋಡೆಯ ಮೇಲೆ ಕಾಲೇಜಿನ ಗೇಟಿನಿಂದ ಕೆರೆ ಏರಿಯವರೆಗಿನ ಒಂದು ಕೈಬರಹದ ನಕ್ಷೆ ಇರಬಹುದು. ಅದರಲ್ಲಿ ಚಹಾ ಅಂಗಡಿ, ಮಾರಮ್ಮನ ಗುಡಿ, ತೂಬು, ಕೋಡಿ ಎಲ್ಲವೂ ಇರಲಿ. ನೋಡುವವರು ‘ಇದು ನಮ್ಮೂರಿನದು’ ಎಂದು ಗುರುತು ಹಿಡಿದರೆ ಅರ್ಧ ಕೆಲಸ ಮುಗಿಯಿತು.

ನಾಲ್ಕನೆಯ ಹೆಜ್ಜೆ: ಚೀಟಿಯನ್ನು ಹೊಸದಾಗಿ ಬರೆಯಿರಿ

ಈ ಇಡೀ ಕೆಲಸದಲ್ಲಿ ಕಡಿಮೆ ಖರ್ಚು ಮತ್ತು ಹೆಚ್ಚು ಶ್ರಮ ಬೇಡುವ ಭಾಗ ಇದು. ‘ವರ್ಗ: ಏವ್ಸ್, ಗಣ: ಫಾಲ್ಕಾನಿಫಾರ್ಮಿಸ್, ಬಾಗಿದ ಕೊಕ್ಕು’ ಎಂಬ ಚೀಟಿ ಪರೀಕ್ಷೆಗೆ ಸಾಕು. ದನ ಸಾಕುವ ರೈತನಿಗೆ ಅದು ಏನನ್ನೂ ಹೇಳುವುದಿಲ್ಲ. ಪ್ರತಿ ಚೀಟಿಯೂ ಮೂರು ಮಾತುಗಳನ್ನು ಹೇಳಬೇಕೆಂದು ನಾವು ನಿಯಮ ಮಾಡಿಕೊಂಡೆವು: ಇದು ನಮ್ಮ ಸುತ್ತ ಎಲ್ಲಿ ಬದುಕುತ್ತದೆ ಅಥವಾ ಬದುಕಿತ್ತು, ಅದಕ್ಕೆ ಏನಾಯಿತು ಮತ್ತು ಏಕೆ, ಓದುತ್ತಿರುವ ನೀವು ಈ ವಾರ ಏನು ಮಾಡಬಹುದು. ಮೂರನೆಯದು ಹೊಳೆಯದಿದ್ದರೆ ಆ ಚೀಟಿಯನ್ನು ಬರೆಯದೆ ಕಾದೆವು.

ನಮ್ಮ ರಣಹದ್ದಿನ ಕೆಳಗಿದ್ದ ಹಳೆಯ ಚೀಟಿಯನ್ನು ತೆಗೆದು ಹಾಕಿದ ಹೊಸ ಚೀಟಿ ಹೀಗಿತ್ತು:

“ಬಿಳಿಬೆನ್ನಿನ ರಣಹದ್ದು. ನಿಮ್ಮ ತಾತ ಇದನ್ನು ಊರಾಚೆಯ ಬಯಲಿನಲ್ಲಿ ಹಿಂಡುಹಿಂಡಾಗಿ ಕಂಡಿರಬಹುದು. 1990ರ ದಶಕದ ಆರಂಭದಲ್ಲಿ ಭಾರತದಲ್ಲಿ ಸಾವಿರ ಇದ್ದ ಕಡೆ 2007ರ ಹೊತ್ತಿಗೆ ಒಂದು ಉಳಿಯಿತು. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧ, ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿತು. ದನಗಳಿಗೆ ಈ ಔಷಧ ಕೊಡುವುದನ್ನು 2006ರಲ್ಲಿ ನಿಷೇಧಿಸಲಾಗಿದೆ; ಇಂಥವೇ ನೋವಿನ ಔಷಧಗಳಾದ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗೂ 2023ರಲ್ಲಿ ನಿಷೇಧ ಬಂದಿದೆ. ಹಸುವಿಗೆ ನೋವಿನ ಚುಚ್ಚುಮದ್ದು ಬೇಕಾದಾಗ ಪಶುವೈದ್ಯರನ್ನು ಹದ್ದುಗಳಿಗೆ ಹಾನಿ ಮಾಡದ ಮೆಲಾಕ್ಸಿಕ್ಯಾಮ್ ಕೊಡುವಿರಾ ಎಂದು ಕೇಳಿ. ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಿಂದ ರಣಹದ್ದು ಧಾಮವಿದೆ. ಅಲ್ಲಿನ ಬಂಡೆಗಳಲ್ಲಿ ಇದರ ದಾಯಾದಿ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುತ್ತಿತ್ತು.”

ಇದು ಸ್ವಲ್ಪ ಉದ್ದವಾಯಿತು, ನಿಜ. ಆದರೂ ‘ಮೆಲಾಕ್ಸಿಕ್ಯಾಮ್’ ಎಂಬ ಪದವನ್ನು ಅಂಗೈ ಮೇಲೆ ಬರೆದುಕೊಂಡು ಹೋದ ಹೆಣ್ಣುಮಗಳೊಬ್ಬಳನ್ನು ನಾನೇ ನೋಡಿದ್ದೇನೆ. ‘ಪರಿಸರ ಉಳಿಸಿ’ ಎಂಬ ಫಲಕವನ್ನು ಹೀಗೆ ಯಾರೂ ಬರೆದುಕೊಂಡು ಹೋಗುವುದಿಲ್ಲ.

ಕೇವಲ ಅಳಿವನ್ನು ಹೇಳುವ ಚೀಟಿಗಳನ್ನು ಒಂದೇ ಕಡೆ ಗುಡ್ಡೆ ಹಾಕಬೇಡಿ. ನಾವು ಮೊದಲ ವರ್ಷ ಒಂದು ಗೋಡೆಗೆ ‘ಅಳಿವಿನಂಚಿನಲ್ಲಿ’ ಎಂದು ಕೆಂಪು ಅಕ್ಷರಗಳಲ್ಲಿ ಬರೆಸಿ, ಹನ್ನೆರಡು ಪ್ರಾಣಿಗಳ ಚಿತ್ರ ಅಂಟಿಸಿದ್ದೆವು. ಮಕ್ಕಳು ಬಂದರು, ಮುಖ ಸಪ್ಪೆ ಮಾಡಿಕೊಂಡರು, ಹೋದರು. ಮರುವರ್ಷ ಆ ಗೋಡೆಯ ಜಾಗಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಕಥೆ ಬಂತು. ಊರ ನಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನೂ ಬಣ್ಣದ ಕೊಕ್ಕರೆಗಳನ್ನೂ ಅಲ್ಲಿಯವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಆ ಗೋಡೆಯ ಮುಂದೆ ಮಕ್ಕಳು ನಿಂತು ಪ್ರಶ್ನೆ ಕೇಳಿದರು: ಹುಣಸೆ ಫಸಲು ಹಾಳಾಗುವುದಿಲ್ಲವೇ, ಮರದ ಕೆಳಗೆ ವಾಸನೆ ಬರುವುದಿಲ್ಲವೇ? ಒಳ್ಳೆಯ ಪ್ರಶ್ನೆಗಳು. ಉತ್ತರ ಹೇಳಲು ನಾವೂ ಓದಬೇಕಾಯಿತು.

ಜನರ ಹೆಸರುಗಳನ್ನು ಬಿಡಬೇಡಿ. ಲ್ಯಾಟಿನ್ ಹೆಸರು ಕೆಳಗಿರಲಿ, ಊರಿನ ಹೆಸರು ಮೇಲಿರಲಿ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗು ಕಾಡಿನಲ್ಲಿ ಮೊಟ್ಟೆಗಳಿಗೆ ಮುಂಗಾಲಿನಿಂದ ಕೆಸರು ಮೆತ್ತುವ ಇರುಳುಗಪ್ಪೆಯೊಂದನ್ನು 2014ರಲ್ಲಿ ವಿಜ್ಞಾನಿಗಳು ವಿವರಿಸಿದಾಗ, ಅದಕ್ಕೆ ಕೊಟ್ಟ ವೈಜ್ಞಾನಿಕ ಹೆಸರಿನಲ್ಲೇ ‘ಕುಂಬಾರ’ ಎಂಬ ಕನ್ನಡ ಪದ ಸೇರಿತು. ಹೆಸರನ್ನು ಕೇಳಿದೊಡನೆ ಅದರ ಕಸುಬು ಕಣ್ಣಿಗೆ ಕಟ್ಟುತ್ತದೆ. ನಿಮ್ಮ ಊರಿನ ಬೆಸ್ತರು, ಕುರಿಗಾಹಿಗಳು, ಗದ್ದೆ ಕೆಲಸದವರನ್ನು ಕರೆದು ಜಾಡಿಗಳನ್ನು ತೋರಿಸಿದರೆ ಇಂಥ ಎಷ್ಟೋ ಹೆಸರುಗಳು ಸಿಗುತ್ತವೆ. ಕಾವೇರಿಯ ಬೆನ್ನುಬ್ಬಿದ ಮಹಸೀರ್ ಮೀನು ದಶಕಗಳಿಂದ ಗಾಳದವರಿಗೆ ಗೊತ್ತಿತ್ತು, ಆದರೆ ಅದು ಯಾವ ಪ್ರಭೇದ ಎಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ.

ಐದನೆಯ ಹೆಜ್ಜೆ: ಭಯ ಹುಟ್ಟಿಸುವ ಜಾಡಿಗಳಿಂದ ಶುರು ಮಾಡಿ

ಸಾರ್ವಜನಿಕರಿಗೆ ಬಾಗಿಲು ತೆರೆದ ದಿನ ಅವರು ಸೀದಾ ಹೋಗುವುದು ಹಾವುಗಳ ಬಳಿಗೆ. ಇದನ್ನು ಬಳಸಿಕೊಳ್ಳಿ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹಾವುಗಳು ಸಾಯುವುದು ಗುರುತು ತಪ್ಪಿ. ಎರಡು ಜಾಡಿಗಳನ್ನು ಅಕ್ಕಪಕ್ಕ ಇಟ್ಟು ಒಂದು ಭೂತಗನ್ನಡಿ ಕೊಟ್ಟರೆ ಆಗುವ ಕೆಲಸ ಹತ್ತು ಭಾಷಣಗಳಿಂದ ಆಗುವುದಿಲ್ಲ.

ಒಂದು ಜಾಡಿಯಲ್ಲಿ ಕಟ್ಟುಹಾವು, ಇನ್ನೊಂದರಲ್ಲಿ ತೋಳಹಾವು. ಮೊದಲನೆಯದು ನಮ್ಮ ಅತ್ಯಂತ ವಿಷಕಾರಿ ಹಾವುಗಳಲ್ಲೊಂದು. ಎರಡನೆಯದು ಮನೆಯೊಳಗಿನ ಹಲ್ಲಿ ತಿಂದುಕೊಂಡಿರುವ ನಿರುಪದ್ರವಿ. ಎರಡಕ್ಕೂ ಕಪ್ಪು ಅಥವಾ ಕಂದು ಮೈ ಮೇಲೆ ಬಿಳಿಯ ಪಟ್ಟೆಗಳಿವೆ. ನೋಡುಗರಿಗೆ ಮೊದಲು ಪಟ್ಟೆಗಳನ್ನು ತೋರಿಸಿ. ಕಟ್ಟುಹಾವಿನಲ್ಲಿ ಸಾಮಾನ್ಯವಾಗಿ ಪಟ್ಟೆಗಳು ತೆಳ್ಳಗೆ, ಹಲವು ಸಲ ಜೋಡಿ ಜೋಡಿಯಾಗಿ, ತಲೆಯಿಂದ ಸ್ವಲ್ಪ ದೂರ ಬಿಟ್ಟು ಶುರುವಾಗಿ ಬಾಲದ ಕಡೆಗೆ ಸ್ಪಷ್ಟವಾಗುತ್ತವೆ. ತೋಳಹಾವಿನಲ್ಲಿ ಕುತ್ತಿಗೆಯ ಬಳಿಯಲ್ಲೇ ಎದ್ದು ಕಂಡು ಬಾಲದ ಕಡೆಗೆ ಮಾಸುತ್ತವೆ. ಆಮೇಲೆ ಭೂತಗನ್ನಡಿಯನ್ನು ಗಾಜಿಗೆ ಹಿಡಿದು ಬೆನ್ನಿನ ನಟ್ಟನಡುವಿನ ಸಾಲನ್ನು ನೋಡಲು ಹೇಳಿ. ಕಟ್ಟುಹಾವಿನಲ್ಲಿ ಆ ಸಾಲಿನ ಹುರುಪೆಗಳು ಮಾತ್ರ ದೊಡ್ಡದಾಗಿ ಆರು ಮೂಲೆಗಳೊಂದಿಗೆ, ಜೇನುಗೂಡಿನ ಕಣ್ಣುಗಳನ್ನು ಉದ್ದಕ್ಕೆ ಪೋಣಿಸಿದಂತೆ ಕಾಣುತ್ತವೆ. ತೋಳಹಾವಿನ ಬೆನ್ನಿನಲ್ಲಿ ಎಲ್ಲವೂ ಒಂದೇ ಸಮ. ಈ ವ್ಯತ್ಯಾಸ ಕಣ್ಣಿಗೆ ಬಿದ್ದ ಕ್ಷಣ ಜನರ ಬಾಯಿಂದ ಬರುವ ‘ಓಹೋ’ ಎಂಬ ಉದ್ಗಾರಕ್ಕಾಗಿಯೇ ನಾನು ಎಷ್ಟೋ ಭಾನುವಾರಗಳನ್ನು ಆ ಕೋಣೆಯಲ್ಲಿ ಕಳೆದಿದ್ದೇನೆ. ಅಡಿಕೆ ತೋಟದ ಯಜಮಾನರೊಬ್ಬರು ಬಹಳ ಹೊತ್ತು ತೋಳಹಾವಿನ ಜಾಡಿಯ ಮುಂದೆ ನಿಂತಿದ್ದು, “ಹೋದ ವಾರ ಬಚ್ಚಲಲ್ಲಿ ಹೊಡೆದದ್ದು ಇದನ್ನೇ ಮಾರಾಯ್ರೆ, ಆ ಇನ್ನೊಂದನ್ನಲ್ಲ” ಎಂದು ಮೆಲ್ಲಗೆ ಹೇಳಿದರು.

ಈ ಪಾಠದ ಕೊನೆಗೆ ಒಂದು ಎಚ್ಚರಿಕೆ ತಪ್ಪದೆ ಸೇರಿಸಬೇಕು: ಇದು ಜಾಡಿಯಲ್ಲಿ ನೋಡುವ ವಿದ್ಯೆ, ಜೀವಂತ ಹಾವನ್ನು ಹಿಡಿದು ನೋಡುವ ವಿದ್ಯೆಯಲ್ಲ. ಮನೆಯೊಳಗೆ ಹಾವು ಕಂಡರೆ ದೂರ ನಿಂತು, ಅರಣ್ಯ ಇಲಾಖೆಗೆ ತಿಳಿಸಬೇಕು. ಕಚ್ಚಿದರೆ ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಹಾವು ಯಾವುದೆಂದು ಹುಡುಕುತ್ತ ಹೊತ್ತು ಕಳೆಯದೆ, ವಿಷಕ್ಕೆ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು. ತಾಲ್ಲೂಕಿನಲ್ಲಿ ಆ ಚುಚ್ಚುಮದ್ದು ಎಲ್ಲಿ ಸಿಗುತ್ತದೆ ಎಂಬುದನ್ನು ವಿಚಾರಿಸಿ ಜಾಡಿಯ ಪಕ್ಕದಲ್ಲೇ ಬರೆದು ಹಾಕಿ. ಹಾವಿನ ಭಯಕ್ಕೆ ಕಾರಣವಿದೆ. ಆ ಭಯವನ್ನು ಗೌರವಿಸುವ ಸಂಗ್ರಹಾಲಯದ ಮಾತನ್ನು ಜನ ಕೇಳುತ್ತಾರೆ. ಕೇರೆಹಾವಿನ ಜಾಡಿಯ ಪಕ್ಕದಲ್ಲಿ ಒಂದು ಹೆಗ್ಗಣದ ಜಾಡಿಯನ್ನಿಟ್ಟರೆ ಬೇರೆ ವಿವರಣೆಯೂ ಬೇಕಾಗುವುದಿಲ್ಲ.

ಮುಟ್ಟಿ ನೋಡಲು ಒಂದು ಮೇಜು ಬೇಕು. ಹಸುವಿನ ಮತ್ತು ನಾಯಿಯ ತಲೆಬುರುಡೆ ಇಟ್ಟು ಹಲ್ಲುಗಳನ್ನು ಬೆರಳಿನಿಂದ ಮುಟ್ಟಲು ಹೇಳಿ, ಯಾರು ಹುಲ್ಲು ಮೇಯುವವರು, ಯಾರು ಮಾಂಸ ಕೀಳುವವರು ಎಂದು ಕೇಳಿ. ಕಾಡುಮರಗಳ ಬೀಜ, ಬಸವನಹುಳುವಿನ ಚಿಪ್ಪು, ಬೇರೆ ಬೇರೆ ಮಣ್ಣು ಇಡಬಹುದು. ಕಣ್ಣು ಕಾಣದವರಿಗೆ ಈ ಮೇಜೇ ಸಂಗ್ರಹಾಲಯ.

ಆರನೆಯ ಹೆಜ್ಜೆ: ಬೇಟೆಯ ಚರಿತ್ರೆಯನ್ನು ಮುಚ್ಚಿಡಬೇಡಿ

ಹಳೆಯ ಸಂಗ್ರಹಗಳಲ್ಲಿರುವ ದೊಡ್ಡ ಪ್ರಾಣಿಗಳು ಗುಂಡಿಗೆ ಸತ್ತವು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆ ಇಪ್ಪತ್ತನೆಯ ಶತಮಾನದ ಬಹುಭಾಗ ಸಾವಿರಾರು ಹುಲಿ, ಚಿರತೆಗಳನ್ನು ತುಂಬಿಸಿ ಅರಮನೆಗಳಿಗೂ ಬಂಗಲೆಗಳಿಗೂ ಕಳುಹಿಸಿತು. ಕೈಚಳಕ ಅದ್ಭುತವಾದದ್ದು, ಆದರೆ ಆ ಸಂಖ್ಯೆಯನ್ನು ಹೇಳದೆ ಕೈಚಳಕವನ್ನಷ್ಟೇ ಹೊಗಳುವುದು ಅರ್ಧ ಸತ್ಯ.

ಅಮೆರಿಕದ ವಿಲಿಯಂ ಹಾರ್ನಡೇ ಎಂಬ ಚರ್ಮಕಲಾವಿದನ (ಸತ್ತ ಪ್ರಾಣಿಗಳನ್ನು ತುಂಬಿಸುವವನ) ಕಥೆ ಇಲ್ಲಿ ಹೇಳಲು ಯೋಗ್ಯ. ದಕ್ಷಿಣ ಭಾರತದ ಕಾಡುಗಳಲ್ಲೂ ಬೇಟೆಯಾಡಿ ಸಂಗ್ರಹ ಮಾಡಿದ್ದ ಆತ, 1886ರಲ್ಲಿ ವಾಷಿಂಗ್ಟನ್ನಿನ ಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಗಾಗಿ ಕಾಡುಕೋಣದ ದಾಯಾದಿಯಾದ ಬೈಸನ್‌ಗಳನ್ನು ತರಲು ಮೊಂಟಾನಾಗೆ ಹೋದ. ಒಂದು ಕಾಲಕ್ಕೆ ಬಯಲುಗಳನ್ನೇ ಕಪ್ಪಾಗಿಸಿದ್ದ ಪ್ರಾಣಿ ಬೆರಳೆಣಿಕೆಯಷ್ಟು ಉಳಿದಿರುವುದನ್ನು ಕಂಡು ಗಾಬರಿಗೊಂಡ, ಆದರೂ ಸಿಕ್ಕಿದವನ್ನು ಹೊಡೆದು ತಂದ. 1888ರಲ್ಲಿ ಅವುಗಳನ್ನು ನಿಜವಾದ ಹುಲ್ಲುನೆಲದ ಸಮೇತ ದೊಡ್ಡ ಗಾಜಿನ ಪೆಟ್ಟಿಗೆಯಲ್ಲಿ ಪ್ರದರ್ಶನಕ್ಕಿಟ್ಟ. ಮುಂದೆ ಜೀವಂತ ಬೈಸನ್‌ಗಳ ಪರವಾಗಿ ಹೋರಾಡಿ, 1905ರಲ್ಲಿ ಅಮೆರಿಕನ್ ಬೈಸನ್ ಸೊಸೈಟಿ ಕಟ್ಟುವಲ್ಲಿ ಮುಂದೆ ನಿಂತ. 1907ರಲ್ಲಿ ನ್ಯೂಯಾರ್ಕಿನ ಮೃಗಾಲಯದಿಂದ 15 ಬೈಸನ್‌ಗಳು ರೈಲಿನಲ್ಲಿ ಒಕ್ಲಹೋಮಾದ ಹುಲ್ಲುಗಾವಲಿಗೆ ಮರಳಿದವು. ಇದೇ ಮನುಷ್ಯ 1906ರಲ್ಲಿ ಅದೇ ಮೃಗಾಲಯದ ಕೋತಿಮನೆಯಲ್ಲಿ ಕಾಂಗೋದ ಒಟಾ ಬೆಂಗಾ ಎಂಬ ಯುವಕನನ್ನು ಪ್ರದರ್ಶನಕ್ಕೆ ಇಟ್ಟಿದ್ದನೆಂಬುದನ್ನೂ ಮರೆಯಬಾರದು. ಪ್ರಾಣಿಗಳ ಮೇಲಿನ ಪ್ರೀತಿ ಮನುಷ್ಯರ ಮೇಲಿನ ತಿರಸ್ಕಾರದ ಜೊತೆಗೇ ಬಾಳಬಲ್ಲದು. ಕಾಡಂಚಿನ ಜನರನ್ನು ಕಳ್ಳರಂತೆ ಚಿತ್ರಿಸುವ ನಮ್ಮ ಕೆಲವು ಫಲಕಗಳಲ್ಲೂ ಅದರ ನೆರಳಿದೆ. ಫಲಕ ಬರೆದ ಮೇಲೆ ಅದನ್ನು ಕಾಡಂಚಿನ ಹಾಡಿಯವರೊಬ್ಬರಿಗೆ ಓದಿ ಹೇಳಿ, ಅವರ ಮುಖ ನೋಡಿ, ಬೇಕಾದರೆ ತಿದ್ದಿ.

ಏಳನೆಯ ಹೆಜ್ಜೆ: ಬಾಗಿಲ ಹೊರಗೆ ಕರೆದೊಯ್ಯಿರಿ

ಕೋಣೆಯಲ್ಲಿ ಮೂಡಿದ ಆಸಕ್ತಿ ಗೇಟು ದಾಟುವಷ್ಟರಲ್ಲಿ ಆರಿಹೋಗುತ್ತದೆ. ಆದ್ದರಿಂದ ಸಂಗ್ರಹಾಲಯದ ಭೇಟಿಯನ್ನು ಕೆರೆ ಏರಿಯ ಮೇಲೆ ಮುಗಿಸಿ. ಬೆಳಗ್ಗೆ ಏಳಕ್ಕೆ ಕೋಣೆಯಲ್ಲಿ ಅರ್ಧ ಗಂಟೆ, ಆಮೇಲೆ ನಡಿಗೆ, ಏರಿಯ ಮೇಲೆ ಒಂದು ಗಂಟೆ. ಒಬ್ಬೊಬ್ಬರಿಗೂ ಕೋಣೆಯಲ್ಲಿ ಕಂಡ ಒಂದೊಂದು ಜೀವಿಯನ್ನು ವಹಿಸಿ, ಅದನ್ನೋ ಅದರ ಕುರುಹನ್ನೋ ಹುಡುಕಲು ಹೇಳಿ. ಗುಂಪಿಗೆ ಇಪ್ಪತ್ತಕ್ಕಿಂತ ಹೆಚ್ಚು ಜನ ಬೇಡ. ಸಿಕ್ಕಿದ್ದನ್ನು ಕಿತ್ತು ತರಬಾರದು, ಬರೆದು ತರಬೇಕು.

ಬರೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಮುಖ್ಯ. ಇಂಥ ಪಟ್ಟಿಗಳನ್ನು ಸೇರಿಸಿಕೊಳ್ಳುವ ಅಂತರ್ಜಾಲ ತಾಣಗಳಿವೆ. ಹಕ್ಕಿಗಳ ಪಟ್ಟಿಯನ್ನು ಇ-ಬರ್ಡ್‌ಗೆ, ಉಳಿದ ಜೀವಿಗಳ ಫೋಟೊಗಳನ್ನು ಐ-ನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಬಹುದು. ಅದಕ್ಕಿಂತ ಹತ್ತಿರದ ದಾರಿ ನಿಮ್ಮ ಗ್ರಾಮ ಪಂಚಾಯಿತಿಯಲ್ಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡಮರ, ಪ್ರಾಣಿಪಕ್ಷಿ, ತಳಿ, ತಿಳಿವಳಿಕೆಗಳ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ಹಲವು ಕಡೆ ಈ ದಾಖಲೆ ಬೀರುವಿನಲ್ಲಿ ಮಲಗಿದೆ, ನಮ್ಮ ಜಾಡಿಗಳ ಹಾಗೆಯೇ. ಪಿಡಿಒ ಅವರಿಗೆ ಪ್ರಾಂಶುಪಾಲರ ಸಹಿಯ ಪತ್ರ ಕೊಟ್ಟು, ನಮ್ಮ ವಿದ್ಯಾರ್ಥಿಗಳ ಕೆರೆ ಪಟ್ಟಿಯನ್ನು ದಾಖಲೆಗೆ ಸೇರಿಸಿಕೊಳ್ಳಿ ಎಂದು ಕೇಳಿ. ಮೊದಲ ಪತ್ರಕ್ಕೆ ಉತ್ತರ ಬರದಿದ್ದರೆ ಎರಡನೆಯದನ್ನು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಗ್ರಾಮಸಭೆಯ ದಿನ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಪಟ್ಟಿ ಓದಿಸಿ. ತಮ್ಮ ಕೆರೆಯಲ್ಲಿ ಅಷ್ಟೊಂದು ಬಗೆಯ ಹಕ್ಕಿಗಳಿವೆ ಎಂದು ಸಭೆಯಲ್ಲಿ ಕೇಳಿದವರು, ಮುಂದೆ ಅದೇ ಕೆರೆಯ ಅಂಗಳಕ್ಕೆ ಕಟ್ಟಡದ ತ್ಯಾಜ್ಯ ಸುರಿಯುವ ಟ್ರ್ಯಾಕ್ಟರ್ ಬಂದಾಗ ಸುಮ್ಮನಿರುವುದು ಕಷ್ಟ.

ಒಂದು ಸಲಕ್ಕೆ ಒಂದೇ ಕೆಲಸ ಹಿಡಿಯಿರಿ. ನಾವು ಒಂದು ವರ್ಷ ಹಿಡಿದದ್ದು ಕೆರೆಯಲ್ಲಿ ಬಿಟ್ಟುಹೋದ ಹರಿದ ಮೀನುಬಲೆಗಳನ್ನು ಹೆಕ್ಕುವುದನ್ನು ಮಾತ್ರ. ಕೊಕ್ಕಿಗೆ ನೈಲಾನ್ ದಾರ ಸುತ್ತಿಕೊಂಡ ಒಂದು ಬೆಳ್ಳಕ್ಕಿಯ ಫೋಟೊ ಕೋಣೆಯಲ್ಲಿತ್ತು, ಹೆಕ್ಕಿ ತಂದ ಬಲೆಗಳ ರಾಶಿಯನ್ನು ಅದರ ಕೆಳಗೇ ಗುಡ್ಡೆ ಹಾಕಿದೆವು. ಮೀನು ಗುತ್ತಿಗೆದಾರರು ಅದನ್ನು ನೋಡಲು ಬಂದರು. ವಾದ ಜೋರಾಗಿಯೇ ನಡೆಯಿತು, ಆದರೆ ಹರಿದ ಬಲೆಯನ್ನು ಒಂದು ಕಡೆ ಹಾಕಲು ಏರಿಯ ತುದಿಯಲ್ಲೊಂದು ಡ್ರಮ್ ಇಡಲು ಅವರು ಒಪ್ಪಿದರು.

ಎಂಟನೆಯ ಹೆಜ್ಜೆ: ಫಲವನ್ನು ಸರಿಯಾದ ಅಳತೆಯಲ್ಲಿ ಅಳೆಯಿರಿ

ಸಂದರ್ಶಕರ ಪುಸ್ತಕದಲ್ಲಿರುವ ‘ತುಂಬಾ ಚೆನ್ನಾಗಿದೆ’ಗಳನ್ನು ಎಣಿಸಿ ವರದಿ ಬರೆಯುವುದು ಸುಲಭ, ಅದರಿಂದ ತಿಳಿಯುವುದು ಕಡಿಮೆ. ಬದಲಿಗೆ ಒಂದು ಬೇರೆ ಪುಸ್ತಕ ಇಡಿ. ಹಾವನ್ನು ಹೊಡೆಯದೆ ಫೋನ್ ಮಾಡಿದವರು, ಪಶುವೈದ್ಯರ ಬಳಿ ಔಷಧದ ಹೆಸರು ಕೇಳಿದವರು, ಎರಡನೆಯ ಸಲ ಏರಿಗೆ ಬಂದವರು, ಪಂಚಾಯಿತಿಗೆ ಕೊಟ್ಟ ಪತ್ರಗಳು ಮತ್ತು ಬಂದ ಉತ್ತರಗಳು, ಇವನ್ನು ಮಾತ್ರ ತಾರೀಖಿನೊಂದಿಗೆ ಅದರಲ್ಲಿ ಬರೆಯಿರಿ. ಮೊದಲ ವರ್ಷ ಒಂದು ಪುಟವೂ ತುಂಬದಿರಬಹುದು. ನಮ್ಮದರಲ್ಲಿ ಇದ್ದದ್ದು ಏಳು ಸಾಲು.

ನೀವು ವರ್ಗಾವಣೆಯಾಗಿ ಹೋಗುವ ದಿನ ಬಂದೇ ಬರುತ್ತದೆ, ಸರ್ಕಾರಿ ಕಾಲೇಜಿನಲ್ಲಂತೂ ಬೇಗನೆ. ಆ ಪುಸ್ತಕ, ಸ್ಪೆಸಿಮನ್ ರಿಜಿಸ್ಟರ್, ಫೋಟೊಗಳಿರುವ ಡಿಸ್ಕ್ ಮತ್ತು ಅರಣ್ಯ ಇಲಾಖೆಯ ಪತ್ರವ್ಯವಹಾರದ ಕಡತ, ಈ ನಾಲ್ಕನ್ನೂ ಮುಂದಿನವರಿಗೆ ಸಹಿ ಪಡೆದು ಒಪ್ಪಿಸಿ. ಕೋಣೆಯ ಕೀಲಿಕೈ ಎರಡಿರಲಿ, ಒಂದು ಅಟೆಂಡರ್ ಬಳಿ, ಇನ್ನೊಂದು ಗ್ರಂಥಾಲಯದಲ್ಲಿ. ಭಾನುವಾರ ಬೆಳಗ್ಗೆ ಬಾಗಿಲು ತೆರೆಯುವ ಹೊಣೆ ಯಾರದೆಂದು ನೋಟಿಸ್ ಬೋರ್ಡಿನಲ್ಲಿ ಹೆಸರು ಬರೆದು ಹಾಕಿ.